ಒಂಬತ್ತನೆಯ ಎಪಿಸೋಡಿನ ದರ್ಜೆ

ನಮ್ಮವರಿಗೆ, ಅಂದರೆ ನನ್ನ ಗಂಡ ರಾಮಪ್ರಸಾದರಿಗೆ, ಸಂಶಯ ಹುಟ್ಟಿನಿಂದಲೇ ಬಂದದ್ದು. ಹಾಲಿನವನು ನಕ್ಕರೂ ನೀರು ಬೆರೆಸಿದ್ದಾನೆ ಎನ್ನುವ ಜನ. ಪುತ್ತೂರಿನ ಅಡಿಕೆ ಅಂಗಡಿಯೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಅವರ ಕೆಲಸವೂ ಸಂಶಯ ಪಡುವುದೇ. ತಂದವರು ಒಳ್ಳೆಯದನ್ನು ಮೇಲೆ ಹರಡಿರುತ್ತಾರೆಂದು ಚೀಲದ ತಳಕ್ಕೆ ಕೈಹಾಕಿ, ಒಂದನ್ನು ತುಂಡರಿಸಿ, ಒಳಗಿನ ಬಣ್ಣ ನೋಡಿ ದರ್ಜೆ ಹೇಳಬೇಕು. ಅವರ ಕಣ್ಣಿಗೆ ಅಲ್ಲಿ ಎದುರು ಮಾತಿರಲಿಲ್ಲ.

ಕಳೆದ ವರ್ಷ ಸಂಶಯದ ಸರದಿ ನನ್ನದಾಯಿತು. ಒಂದೇ ತಿಂಗಳಲ್ಲಿ ಮೂರು ಸಲ ಬೆರಳು ಕೊಯ್ದುಕೊಂಡು ಬಂದರು. ಕೇಳಿದರೆ ಕತ್ತಿ ಹೊಸತು ಎಂದರು. ಅದೇ ಅಂಗಡಿಯಲ್ಲಿ ಚೀಲ ಹೊರುವ ಕಾಸಿಂ ಪೇಟೆಯಲ್ಲಿ ಸಿಕ್ಕಿ, ಅಣ್ಣ ಈಗ ಅಡಿಕೆಯನ್ನು ಕಿವಿಯ ಹತ್ತಿರ ಕುಲುಕಿ, ಕಚ್ಚಿ ನೋಡುತ್ತಾರೆ ಎಂದ. ಒಳಗಿನ ಬಣ್ಣ ಕಾಣದವರು ಮಾಡುವ ಕೆಲಸ ಅದು. ಕಣ್ಣು ತೋರಿಸಿಕೊಳ್ಳಿ ಎಂದದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಕಣ್ಣು ಮಂದವಾದದ್ದು ಧಣಿಗಳಿಗೆ ತಿಳಿದರೆ ಮರುದಿನ ಆ ಜಾಗದಲ್ಲಿ ಬೇರೆಯವನು ಕೂರುತ್ತಾನೆ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

ಮಗಳು ನಿಶ್ಮಿತಾ ಕಾಲೇಜಿಗೆ ಹೋಗುವವಳು, ಅನಿಮೆ, ಅಂದರೆ ಜಪಾನಿನ ಕಾರ್ಟೂನು, ಎಂದರೆ ಊಟ ಬಿಡುವವಳು. ಅವಳ ಮೆಚ್ಚಿನ ನಿರ್ದೇಶಕಿ ಟಿವಿಗೆ ಮಾಡಿದ ಹನ್ನೆರಡು ಎಪಿಸೋಡುಗಳಲ್ಲಿ ಯಾವುದು ಮೇಲು ಎಂದು ಗೆಳತಿಯರೊಳಗೆ ಜಗಳವಂತೆ. ಅಪ್ಪನೇ ದರ್ಜೆ ಮಾಡಿ ಕೊಡಬೇಕಂತೆ. ಇದರ ಹಿಂದೆ ಎಂತ ಉಂಟು ಎಂದು ಇವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆದರೂ ದರ್ಜೆ ಎಂಬ ಮಾತಿಗೆ ಸೋತರು.

ನಾಲ್ಕು ಆದಿತ್ಯವಾರ, ಊಟವಾದ ಮೇಲೆ ಮೂರು ಮೂರು ನೋಡಿದರು. ಮೊದಲಿನದನ್ನು ಎಲ್ಲರೂ ಚಂದ ಮಾಡಿರುತ್ತಾರೆಂದು ಕೊನೆಯದರಿಂದಲೇ ಶುರು. ಮಾತೆಲ್ಲ ಜಪಾನಿಯಲ್ಲಿ ಇದ್ದದ್ದರಿಂದ ಒಂದೊಂದರ ಕತೆಯನ್ನೂ ನಿಶ್ಮಿತಾ ಹೇಳುತ್ತಿದ್ದಳು. ಒಂಬತ್ತನೆಯದರಲ್ಲಿ ಮಾತೇ ಇಲ್ಲ, ಸುಮ್ಮನೆ ನೋಡಿ ಎಂದಳು. ಇವರು ಪಟ್ಟಿಯಲ್ಲಿ ಮೊದಲು ಇಟ್ಟದ್ದು ರೈಲು, ಬೊಬ್ಬೆ, ಡೋಲು ಇದ್ದದ್ದನ್ನು. ಎಲ್ಲಕ್ಕಿಂತ ಕೆಳಗೆ ಒಂಬತ್ತನೆಯದು.

“ಇದು ಕರಿಗೋಟು” ಎಂದರು. ಅಡಿಕೆಯಲ್ಲಿ ತೀರ ಕೆಳದರ್ಜೆಗೆ ಹಾಗೆ ಹೇಳುವುದು. “ಇಡೀ ಮಂಜು. ಎಂತ ತೋರಿಸುದು ಅಂತಲೇ ಗೊತ್ತಾಗುದಿಲ್ಲ.”

ನಿಶ್ಮಿತಾಳ ಮುಖ ಬಾಡಿತು. “ಅದರಲ್ಲಿ ಮಂಜೇ ಇಲ್ಲ ಅಪ್ಪ. ಒಬ್ಬಳು ಅಜ್ಜಿ ಬಿಸಿಲಲ್ಲಿ ಬಣ್ಣಬಣ್ಣದ ಬಟ್ಟೆ ಒಣಗಿಸುದು, ಅಷ್ಟೇ ಉಂಟು.”

ತಾಯಿ ಮಗಳು ಸೇರಿ ತನಗೆ ಬಲೆ ಹಾಕಿದ್ದೀರಿ ಎಂದು ಕೂಗಾಡಿದರು. ನನಗೂ ಪಿತ್ತ ನೆತ್ತಿಗೇರಿತ್ತು, ಹೌದು ಹಾಕಿದ್ದೇವೆ ಎಂದೆ. ಆಗ ಕುರ್ಚಿಯಲ್ಲಿ ಕುಸಿದರು.

“ಅಂಗಡಿಯಲ್ಲಿ ಹೇಳ್ಬೇಡಿ. ನನ್ನನ್ನೇ ಕರಿಗೋಟಿಗೆ ಹಾಕ್ತಾರೆ.”

ಅಷ್ಟು ಸಣ್ಣ ಸ್ವರ ಅವರಲ್ಲಿ ನಾನು ಕೇಳಿರಲಿಲ್ಲ. ಅಳು ತಡೆಯಲಾಗಲಿಲ್ಲ ನನಗೆ. ಮಂಗಳವಾರ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ. ಒಂದಾದ ಮೇಲೊಂದು ಆಪರೇಷನ್ ಮಾಡಿ ತೆಗೆದರು.

ಎಲ್ಲ ಗುಣವಾದ ಮೇಲೆ ಒಂದು ಆದಿತ್ಯವಾರ ಮಗಳು ಒಂಬತ್ತನೆಯದನ್ನೇ ಪುನಃ ಹಾಕಿದಳು. ಇವರು ಕಣ್ಣು ಮುಚ್ಚದೆ ನೋಡಿದರು. ಮುಗಿದ ಮೇಲೆ ಪಟ್ಟಿ ತರಿಸಿ ಅದನ್ನು ಒಂದನೆಯದು ಮಾಡಿದರು. ಆದರೂ ಹಿಂದೆ ನೀನು ತೋರಿಸಿದ್ದು ಇದಲ್ಲ, ಬೇರೆ ಯಾವುದೋ ಎಂದು ಮಗಳಲ್ಲಿ ವಾದ.

ಆಮೇಲೆ ನನ್ನ ಕಡೆ ತಿರುಗಿದರು. ಅದೇ ಹಳೆಯ ಸಂಶಯದ ನೋಟ.

“ಈ ಸೀರೆ ಯಾರು ಕೊಟ್ಟದ್ದು?”

ಹಿಂದಿನ ದೀಪಾವಳಿಗೆ ಅವರೇ ಆರಿಸಿ ತಂದ ಸೀರೆ ಅದು.