ಮಾಂತುವಿಗೆ ಬಂದ ಹನ್ನೊಂದು ಸಂಬಂಧಗಳು

ಅಂಬಾ ಹಂಚಿನಮನಿ ಒಂಬತ್ತನೆಯ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ಪುಣೆಯ ಕನ್ನಡ ಶಾಲೆಯೊಂದರಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದೆ. 'ನನ್ನ ಅಜ್ಜಿ' ಎಂಬ ಪ್ರಬಂಧ ಬರೆಯಿರೆಂದರೆ ಎಲ್ಲ ಮಕ್ಕಳೂ ಅಜ್ಜಿಯ ಕೈತುತ್ತನ್ನು ಹೊಗಳುತ್ತಿದ್ದರು. ನೆಂಟರು ಬಂದಾಗ ಅಜ್ಜಿ ಒಳ್ಳೆಯ ಉಪ್ಪಿನಕಾಯಿಯ ಭರಣಿಯನ್ನು ಹಾಸಿಗೆಯ ಹಿಂದೆ ಬಚ್ಚಿಡುತ್ತಾಳೆಂದು ಬರೆದವಳು ಅಂಬಾ ಒಬ್ಬಳೇ. ಹತ್ತಕ್ಕೆ ಒಂಬತ್ತು ಕೊಟ್ಟೆ. ಲೇಖಕಿಯಾಗಬೇಕೆಂಬ ಹುಚ್ಚು ತನಗೆ ಹಿಡಿದದ್ದು ಆ ಒಂಬತ್ತರಿಂದಲೇ ಎಂದು ಅವಳು ಈಗಲೂ ನನ್ನ ಮೇಲೆ ತಪ್ಪು ಹೊರಿಸುತ್ತಾಳೆ.

ಈಗ ಅವಳಿಗೆ ನಲವತ್ತನಾಲ್ಕು. ಮದುವೆಗೆ ಮೊದಲು ಒಂದು ಕಚೇರಿಯಲ್ಲಿ ಟೈಪು ಮಾಡುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಬಿಟ್ಟಳು. ಹದಿನೇಳು ವರ್ಷಗಳಲ್ಲಿ ಏಳು ಕಥೆಗಳನ್ನು ಆರಂಭಿಸಿದಳು. ಏಳೂ ಮೂರನೆಯ ಪುಟದಲ್ಲಿ ನಿಂತವು. ಬಿಬವೇವಾಡಿಯ ಅವಳ ಮನೆಯಲ್ಲಿ ಊಟದ ಟೇಬಲ್ಲಿನ ಮೇಲೆ ಅತ್ತೆಯ ಔಷಧಗಳು, ಇನ್ನೊಂದರ ಮೇಲೆ ಗಂಡನ ಕಂಪ್ಯೂಟರು. ಬರೆಯಲು ಕುಳಿತರೆ ಹಾಳೆಗಿಂತ ಮೊದಲು ಯಾರದೋ ಬಟ್ಟಲು ಬಂದು ಕೂಡುತ್ತಿತ್ತು. ಕಳೆದ ವರ್ಷ ಮಗಳು ಕಾಲೇಜು ಸೇರಿದ ಕೂಡಲೆ ಅಂಬಾ ಮತ್ತೆ ನೌಕರಿಗೆ ಹೋಗುತ್ತೇನೆಂದಳು.

"ಈಗ್ಯಾಕ ನೌಕರಿ?" ಎಂದ ಗಂಡ ಮಧುಕರ.

"ನನಗ ಟೇಬಲ್ ಬೇಕಾಗೇದ."

"ಟೇಬಲ್ ಬೇಕಾದ್ರ ಟೇಬಲ್ ತರೋಣಲ್ಲ. ಅದಕ್ಯಾಕ ನೌಕರಿ?"

"ತಂದ ದಿವಸ ಸಂಜಿಕ್ಕ ಅದರ ಮ್ಯಾಲೆ ನೀವು ಇಸ್ತ್ರಿ ಮಾಡ್ತೀರಿ."

ಮಧುಕರ ಅಂಗಿಯ ತೋಳನ್ನು ತಿರುವಿ ಹಾಕಿದ. ಆಗ ಅವನು ಇಸ್ತ್ರಿಯನ್ನೇ ಮಾಡುತ್ತಿದ್ದ.

ಅವಳಿಗೆ ಕೆಲಸ ಸಿಕ್ಕಿದ್ದು ಶಿವರುದ್ರಪ್ಪನವರ ವಧು-ವರ ಕೇಂದ್ರದಲ್ಲಿ. ಹಾವೇರಿಯ ಕಡೆಯಿಂದ ಬಂದು ನಲವತ್ತು ವರ್ಷ ಬಟ್ಟೆ ಮಾರಿದ ಶಿವರುದ್ರಪ್ಪನವರು ಅಂಗಡಿಯನ್ನು ಮಗನಿಗೆ ಬಿಟ್ಟು, ಮಾಳಿಗೆಯ ಮೇಲೆ ನಮ್ಮ ಕಡೆಯವರ ಲಗ್ನಗಳನ್ನು ಕೂಡಿಸುತ್ತಾರೆ. ಮೂರು ತಿಂಗಳು ನೋಡಿ ಕಾಯಂ ಮಾಡುವುದೆಂದು ಮಾತಾಯಿತು. ಅಂಬಾ ಕಿಟಕಿಯ ಪಕ್ಕದ ಟೇಬಲ್ಲನ್ನು ನೋಡಿ ಒಪ್ಪಿಕೊಂಡಳು. ಅದಕ್ಕಿಂತ ದೊಡ್ಡ ಲಾಭವೆಂದರೆ, ಶಿವರುದ್ರಪ್ಪನವರು ಪುಣೆಯ ಹಳೆಯ ಅಂಗಡಿಕಾರರ ಸಂಪ್ರದಾಯವನ್ನು ಪೂರ್ತಿ ಮೈಗೂಡಿಸಿಕೊಂಡಿದ್ದರು: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಬಂದ್, ಮಾಲಕರು ಒಳಕೋಣೆಯಲ್ಲಿ ನಿದ್ರೆ. ಆ ಮೂರು ತಾಸು ಅಂಬಾಳವು.

ಉಳಿದ ಹೊತ್ತಿನಲ್ಲಿ ಅವಳು ಮನೆಯವರು ತುಂಬಿ ಕೊಟ್ಟ ಫಾರ್ಮುಗಳನ್ನು ನೋಡಿ ಅಚ್ಚುಕಟ್ಟಾದ ಪ್ರತಿ ಬರೆಯಬೇಕು. ವರರೆಲ್ಲ 'ನಿರ್ವ್ಯಸನಿ', ವಧುಗಳೆಲ್ಲ 'ಗೃಹಕೃತ್ಯದಕ್ಷ'. ಸ್ವಭಾವ: ಶಾಂತ. ಅಪೇಕ್ಷೆ: ಅನುರೂಪ. ಪ್ರತಿ ಶನಿವಾರ ಶಿವರುದ್ರಪ್ಪನವರು ಅವಳ ಟೇಬಲ್ಲಿನ ಮೇಲಿದ್ದ ಪ್ರತಿಗಳ ಫೋಟೋ ತೆಗೆದು ಕೇಂದ್ರದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಓದುತ್ತಿರಲಿಲ್ಲ. ಎಲ್ಲವೂ ಒಂದೇ ತರಹ ಇರುವಾಗ ಓದುವುದೇನು?

ಅವಳ ಎಂಟನೆಯ ಕಥೆಯೂ ಮೂರನೆಯ ಪುಟಕ್ಕೆ ನಿಂತಿತು. ಮಾಂತು ಎಂಬ ಮೂವತ್ನಾಲ್ಕರ ಬ್ರಹ್ಮಚಾರಿಯ ಕಥೆ. ನನ್ನಲ್ಲಿಗೆ ಬಂದು, "ಸರ್, ಇವಾ ಮುಂದಕ್ಕ ಹೋಗವಲ್ಲ," ಎಂದಳು.

"ನಿನಗ ಅವನ ಗುರುತ ಸಾಲದು," ಎಂದೆ ನಾನು. "ಮೊದಲು ಅವ ಏನು ತಿಂತಾನ, ಯಾತಕ್ಕ ನಗತಾನ, ಎಲ್ಲಾ ಒಂದು ಹಾಳಿ ಮ್ಯಾಲೆ ಬರಿ."

ಅವಳು ಬರೆದಳು. ಕೈಗೆ ಸಿಕ್ಕದ್ದು ಕೇಂದ್ರದ ಖಾಲಿ ಫಾರ್ಮು. ಅದರ ಮೇಲೆಯೇ ಬರೆದಳು. ನೌಕರಿ: ತಳೇಗಾಂವದ ಕಾರಖಾನೆಯಲ್ಲಿ ಸುಪರ್‌ವೈಜರ್. ಅಡುಗೆ: ಅವಲಕ್ಕಿ ಒಂದೇ ಬರುತ್ತದೆ, ಅದಕ್ಕೂ ಉಪ್ಪು ಹಾಕಿದ್ದು ಮರೆತು ಎರಡು ಸಲ ಹಾಕುತ್ತಾನೆ. ಸ್ವಭಾವ: ಜಗಳವಾದರೆ ಅರ್ಧ ದಿನ ಮಾತಾಡುವುದಿಲ್ಲ. ಆಮೇಲೆ ಬಂದು ಕತ್ತರಿ ಎಲ್ಲಿದೆ ಎಂದು ಕೇಳುತ್ತಾನೆ. ಕತ್ತರಿ ಬೇಕಾಗಿರುವುದಿಲ್ಲ. ಅಪೇಕ್ಷೆ: ತಾನು ನಗೆಮಾತು ಹೇಳಲು ಹೋಗಿ ಮರೆತಾಗ, ಮರೆತದ್ದಕ್ಕಾದರೂ ನಗುವವಳು.

ಅಂದು ಶುಕ್ರವಾರ. ಶನಿವಾರವೂ ಸೋಮವಾರವೂ ಅತ್ತೆಯನ್ನು ದವಾಖಾನೆಗೆ ಕರೆದೊಯ್ಯಲು ಅಂಬಾ ರಜೆ ಹಾಕಿದ್ದಳು. ಫಾರ್ಮು ಟೇಬಲ್ಲಿನ ಮೇಲೆಯೇ ಉಳಿದಿತ್ತು.

ಮಂಗಳವಾರ ಶಿವರುದ್ರಪ್ಪನವರು ಅವಳನ್ನು ಮಾಳಿಗೆಯ ಮೆಟ್ಟಿಲಲ್ಲಿಯೇ ಎದುರುಗೊಂಡರು. "ಅಂಬಾ, ಈ ಮಾಂತು ಯಾರ ಮಗಾ ಯವ್ವಾ? ಹನ್ನೊಂದು ಮನಿಯಿಂದ ಫೋನ್ ಬಂದಾವ! ಎಂಜಿನಿಯರ್‌ಗಳಿಗೆ ಮೂರು ಬಂದ್ರ ಭಾಳಾತು. ಫೋಟೋ ಎಲ್ಲದ ಇವಂದು?"

ಅಂಬಾ ಒಂದು ಮೆಟ್ಟಿಲು ಕೆಳಗಿಳಿದಳು. "ಫೋಟೋ ಇಲ್ರಿ, ಕಾಕಾ."

"ತಗಸಂತ ಹೇಳು."

"ಅವನೂ ಇಲ್ರಿ."

ವಿಷಯ ಅರ್ಥವಾಗಲು ಅವರಿಗೆ ಎರಡು ಕಪ್ ಚಹಾ ಬೇಕಾಯಿತು. ಅರ್ಥವಾದ ಮೇಲೆ ಮೂರನೆಯದನ್ನು ಕುಡಿಯಲಿಲ್ಲ. "ನಲವತ್ತು ವರ್ಷ ಸೀರಿ ಮಾರೀನಿ. ಇಲ್ಲದ ಸೀರಿ ಒಂದ ದಿನಾ ತೋರಿಸಿಲ್ಲ. ಇವನ ಲಗ್ನಾ ಠರಾವಾತು ಅಂತ ಹನ್ನೊಂದೂ ಮನಿಗೆ ಹೇಳಿಬಿಡು."

"ಹೇಳಿದ್ರ ಹುಡುಗಿ ಯಾರು ಅಂತ ಕೇಳ್ತಾರ್ರಿ."

ಅದು ನಿಜ. ನಮ್ಮವರು ಕೇಳದೆ ಬಿಡುವವರಲ್ಲ. ಕೇಳಿದ ಮೇಲೆ ಹುಡುಗಿಯ ಸೋದರಮಾವನವರೆಗೆ ಹೋಗುತ್ತಾರೆ.

"ಹಂಗಾರ ನಿನಗ ತಿಳದಂಗ ಮಾಡು," ಎಂದರು ಶಿವರುದ್ರಪ್ಪನವರು. "ಸೋಮವಾರದೊಳಗ ಎಲ್ಲಾರಿಗೂ ಉತ್ತರಾ ಹೋಗಬೇಕು. ಒಬ್ಬರು ಕೇಂದ್ರದಾಗಿಂದ ಹೆಸರು ತಗಸಿದ್ರೂ, ಆ ಮ್ಯಾಲೆ ನೀ ಬರಬ್ಯಾಡ."

ಅಂಬಾ ನಾಲ್ಕು ಮಧ್ಯಾಹ್ನ ಆ ಟೇಬಲ್ಲಿಗೆ ಕುಳಿತಳು. ಕ್ಷಮಾಪಣೆಯ ಪತ್ರವೆಂದು ಆರಂಭಿಸಿದ್ದು ಕಥೆಯ ನಾಲ್ಕನೆಯ ಪುಟವಾಯಿತು. ಹನ್ನೊಂದು ಮನೆಗಳು ಕಾಯುತ್ತಿರುವಾಗ ಮಾಂತು ಮೂರನೆಯ ಪುಟದಲ್ಲಿ ಹೇಗೆ ನಿಂತಾನು? ಅವನು ಹುಡುಗಿಯನ್ನು ನೋಡಲು ಹೋದ, ಮನಸ್ಸಿಗೆ ಬಂದಳು. ತಾನು ಇನ್ನೂ ಎರಡು ವರ್ಷ ಓದಬೇಕೆಂದೂ, ಮನೆಯಲ್ಲಿ ಹೇಳಲು ಧೈರ್ಯವಿಲ್ಲವೆಂದೂ ಆ ಹುಡುಗಿ ಪಿಸುಗುಟ್ಟಿದಳು. ಮಾಂತು ಹೊರಗೆ ಬಂದು, ಹುಡುಗಿ ಪಸಂದಿಲ್ಲವೆಂದು ಹಿರಿಯರ ಮುಂದೆ ಹೇಳಿ, ಎಲ್ಲರ ಬೈಗುಳ ತಿಂದು ಬಸ್ಸು ಹತ್ತಿದ. ಒಂಬತ್ತು ಪುಟ. 'ಮಾಂತು ನನ್ನ ಕಥೆಯವನು. ಫಾರ್ಮು ಕೈತಪ್ಪಿ ನಿಮಗೆ ಬಂತು. ತಪ್ಪು ನನ್ನದು' ಎಂದು ಮೇಲೆ ಬರೆದು ಅಂಬಾ ಕಥೆಯನ್ನೇ ಹನ್ನೊಂದು ಮನೆಗಳಿಗೂ ವಾಟ್ಸಾಪಿನಲ್ಲಿ ಕಳಿಸಿದಳು.

ಸೋಮವಾರ ಬೆಳಿಗ್ಗೆ ನಾನೂ ಕೇಂದ್ರಕ್ಕೆ ಹೋದೆ. ಹಾಳೆಯ ಮೇಲೆ ಬರೆ ಎಂದವನು ನಾನು; ತಪ್ಪಿನಲ್ಲಿ ನನ್ನದೂ ಪಾಲಿದೆ ಎಂದು ಹೇಳುವುದಿತ್ತು. ಯಾರೂ ಕೇಳಲಿಲ್ಲ. ಹತ್ತು ಮನೆಗಳ ಉತ್ತರ ಬಂದಿತ್ತು. ಒಬ್ಬರು, 'ಕಥೆ ಚೆನ್ನಾಗಿದೆ. ಹುಡುಗನ ಸ್ವಂತ ಫ್ಲ್ಯಾಟು ಇದೆಯೇ?' ಎಂದು ಕೇಳಿದ್ದರು. ಇನ್ನೊಬ್ಬರು ಮಾಂತುವಿಗೆ ತಮ್ಮನಿದ್ದರೆ ತಿಳಿಸಲು ಕೋರಿದ್ದರು. ಯಾರೂ ಹೆಸರು ತೆಗೆಸಿರಲಿಲ್ಲ. ಹನ್ನೊಂದನೆಯವರು ವಾಕಡದ ರುಕ್ಮಿಣಮ್ಮ. ಓದಿದ್ದಾರೆಂದು ಫೋನು ತೋರಿಸುತ್ತಿತ್ತು, ಉತ್ತರವಿರಲಿಲ್ಲ.

ಹನ್ನೊಂದೂವರೆಗೆ ರುಕ್ಮಿಣಮ್ಮ ತಾವೇ ಮಾಳಿಗೆ ಹತ್ತಿ ಬಂದರು. ಏದುಸಿರು ಬಿಡುತ್ತ ಕುರ್ಚಿಗೆ ಕುಳಿತು, "ಯಾರ್ರೀ ಅಕಿ, ಬರದಾಕಿ?" ಎಂದರು.

ಅಂಬಾ ಎದ್ದು ನಿಂತಳು.

"ನಮ್ಮ ಹುಡುಗಿ ಸಿಂಧೂರ ಎರಡು ವರ್ಷದಾಗ ಒಂದ ಫಾರ್ಮಿಗೆ ಹ್ಞೂಂ ಅಂದಾಳ. ಅವನ್ನೂ ನೀ ಸುಳ್ಳ ಮಾಡಿದಿ. ಇರ್ಲಿ. ಆದ್ರ ಬಸ್ ಯಾಕ ಹತ್ತಿಸಿದಿ ಅವನ್ನ? ಬಾಯಿ ಇದ್ದಿಲ್ಲೇನ ಅವಗ? ಎರಡು ವರ್ಷ ತಡೀತೀನಿ ಅಂದಿದ್ರ ಏನ ಗಂಟ ಹೋಗತಿತ್ತು?"

ಅಂಬಾ ಬಾಯಿ ತೆರೆಯುವಷ್ಟರಲ್ಲಿ ಶಿವರುದ್ರಪ್ಪನವರು ಕನ್ನಡಕ ತೆಗೆದು ಟೇಬಲ್ಲಿನ ಮೇಲೆ ಇಟ್ಟರು.

"ಹೆಂಗ ಅಂತಾನ್ರಿ, ರುಕ್ಮಿಣಮ್ಮಾರ? ತಡೀತೀನಿ ಅಂದ್ರ ಯಾತಕ್ಕ ಅಂತ ಹಿರ್ಯಾರು ಕೇಳತಾರ. ಹುಡುಗಿ ಗುಟ್ಟು ಬಯಲಾಗತದ. ಅವಾ ತಿಳದಾಂವ."

"ತಿಳದಾಂವ ಏನ ಬಂತು! ಹೇಡಿ!"

"ಹೇಡಿ?" ಶಿವರುದ್ರಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. "ನೀವು ಆರನೇ ಪುಟಾ ಸರಿಯಾಗಿ ಓದಿಲ್ಲ. ಓದಿದಾವ್ರು ಹೇಡಿ ಅನ್ನೂದಿಲ್ಲ."

"ಓದೀನ್ರಿ! ಎರಡು ಸಲ ಓದೀನಿ!"

"ನಾ ಮೂರು ಸಲ ಓದೀನಿ," ಎಂದರು ಶಿವರುದ್ರಪ್ಪನವರು. ಹೇಳಿದ ಮೇಲೆ ನನ್ನನ್ನೂ ಅಂಬಾಳನ್ನೂ ನೋಡಿ ಸ್ವಲ್ಪ ಕೆಮ್ಮಿದರು. ಆಮೇಲೆ ಮಾಲಕರ ಧ್ವನಿಯಲ್ಲಿ, "ಅಂಬಾ, ನಿಂತಗೊಂಡು ಏನ ನೋಡತಿ? ಆರನೇ ಪುಟಾ ತಗಿ. ಇವರಿಗೆ ಓದಿ ತೋರಸು. ಸಾವಕಾಶ ಓದು," ಎಂದರು.

ರುಕ್ಮಿಣಮ್ಮ ಸೆರಗು ಸರಿಪಡಿಸಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅಂಬಾ ಓದತೊಡಗಿದಳು.