ರೋಮಿನ ಕಲ್ಲು, ವಿಠ್ಠಲವಾಡಿಯ ಕೂಸು

ನೀಲಗಂಗಾ ಮುಂಬೈ ಹತ್ತಿರದ ಬೇಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮನೆ ಡೊಂಬಿವಲಿಯಲ್ಲಿ. ತಂದೆ ಕಾಡಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ತಾಯಿ ಮಹಾದೇವಕ್ಕ, ಇಬ್ಬರೇ. ಮದುವೆಯ ಮಾತು ಬಂದು ಬಂದು ತಾನಾಗಿಯೇ ನಿಂತುಹೋಗಿತ್ತು. ನಲವತ್ತು ದಾಟಿದ ಮೇಲೆ ಅವಳಿಗೆ ಓದಿನ ಹುಚ್ಚು ಹತ್ತಿ, ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ.ಗೆ ಹೆಸರು ಹಚ್ಚಿದಳು. ಓದುವುದೆಲ್ಲ ಲೋಕಲ್ ಗಾಡಿಯಲ್ಲಿ. ಸೀಟು ಸಿಕ್ಕರೆ ಮೊಬೈಲಿನಲ್ಲಿ ಅಥೆನ್ಸ್, ಸಿಗದಿದ್ದರೆ ಕಂಬ ಹಿಡಿದು ನಿಂತುಕೊಂಡೇ ರೋಮ್.

ಪರೀಕ್ಷೆಯ ಪತ್ರಿಕೆಗಳಲ್ಲಿ ಗ್ರೀಸ್ ಮತ್ತು ರೋಮಿನದಕ್ಕೆ ಒಂದು ಬರೆಯುವ ಕೆಲಸ ಕೊಟ್ಟಿದ್ದರು. ಆ ಕಾಲದ ಯಾವುದಾದರೂ ಒಂದು ವಸ್ತುವಿನ ಬಗ್ಗೆ ಅಂತರ್ಜಾಲದಲ್ಲಿ ಏನೇನಿದೆ ಎಂದು ಹುಡುಕಿ, ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತೂಗಿ ಬರೆಯಬೇಕು. ನೀಲಗಂಗಾ ಆರಿಸಿಕೊಂಡದ್ದು ರೋಮಿನ ಐದು ವರ್ಷದ ಹೆಣ್ಣುಮಗುವೊಂದರ ಗೋರಿಕಲ್ಲನ್ನು.

ಅದನ್ನೇ ಆರಿಸಲು ಕಾರಣವಿತ್ತು. ಅವಳು ಹುಟ್ಟುವ ಮೊದಲು, ಮನೆಯವರು ವಿಠ್ಠಲವಾಡಿಯ ಚಾಳಿನಲ್ಲಿದ್ದಾಗ, ಅವಳ ಅಕ್ಕ ಜ್ವರದಲ್ಲಿ ಹೋಗಿದ್ದಳು. ಲಿಂಗಾಯತರ ಪದ್ಧತಿಯಂತೆ ಮಣ್ಣು ಮಾಡಿದರು, ಕಲ್ಲು ನೆಡಲಿಲ್ಲ. ಮುಂದೆ ಆ ಜಾಗದ ಗುರುತೇ ಸಿಗದಂತೆ ಊರು ಬೆಳೆಯಿತು. ಮಗುವಿನ ಫೋಟೋ ಇರಲಿಲ್ಲ, ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. 'ದೊಡ್ಡಾಕಿ' ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಆದರೆ ದೊಡ್ಡಾಕಿ ಮನೆ ಬಿಟ್ಟು ಹೋಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಹಾದೇವಕ್ಕ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಬಾಗಿಲ ಕಡೆ ಕಿವಿಗೊಡುತ್ತಿದ್ದಳು.

ಹುಡುಕಿದ ಕೂಡಲೇ ಹತ್ತಾರು ಇಂಗ್ಲಿಷ್ ಜಾಲತಾಣಗಳು ಸಿಕ್ಕವು. ಎಲ್ಲದರಲ್ಲೂ ಕಲ್ಲಿನ ಮೇಲೆ ಬರೆದಿದೆ ಎನ್ನಲಾದ ಒಂದೇ ಸಾಲು: 'ಅಮ್ಮಾ, ನನಗೆ ಇಲ್ಲಿ ಕತ್ತಲೆಯ ಭಯವಿಲ್ಲ, ನೀನು ಅಳಬೇಡ.' ಸಂಜೆ ಮನೆಗೆ ಬಂದವಳೇ ಅದನ್ನು ಕನ್ನಡ ಮಾಡಿ ತಾಯಿಗೆ ಓದಿ ಹೇಳಿದಳು.

ಮಹಾದೇವಕ್ಕನ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು. "ಇನ್ನೊಮ್ಮೆ ಓದು ತಂಗಿ," ಎಂದಳು. ಮಗಳನ್ನು ಅವಳು ಕರೆಯುತ್ತಿದ್ದುದೇ ಹಾಗೆ.

ಅಂದಿನಿಂದ ದಿನವೂ ಸಂಜೆ ಅದನ್ನು ಓದಿಸಿಕೊಂಡಳು. ಬಾಗಿಲ ಕಡೆ ನೋಡುವುದು ನಿಂತಿತು. ಅಡುಗೆಮನೆಯಲ್ಲಿ ಒಬ್ಬಳೇ ಯಾರೊಂದಿಗೋ ಮೆಲ್ಲಗೆ ಮಾತಾಡತೊಡಗಿದಳು. "ಅಕಿಗ ಅಂಜಿಕಿ ಇಲ್ಲಂತ," ಎಂದು ನಕ್ಕಳು. ನೀಲಗಂಗಾಳಿಗೂ ಆ ಸಾಲಿನಿಂದ ಬಿಡುಗಡೆ ಇರಲಿಲ್ಲ. ಗಾಡಿ ಮುಂಬ್ರಾ ದಾಟುವಾಗ ಗುಡ್ಡದ ನೆರಳು ಡಬ್ಬಿಯೊಳಗೆ ಬಿದ್ದರೆ, ಹೆಂಗಸರ ಗಲಾಟೆಯ ನಡುವೆ ಯಾವುದೋ ಮಗು ಕಿವಿಯ ಹತ್ತಿರವೇ ಆ ಸಾಲನ್ನು ಹೇಳಿದಂತಾಗುತ್ತಿತ್ತು. ಹೇಳುತ್ತಿದ್ದುದು ಕನ್ನಡದಲ್ಲಿ.

ಆನ್‌ಲೈನ್ ತರಗತಿಯಲ್ಲಿ ಅವಳು ಇದನ್ನೆಲ್ಲ ಬಿಟ್ಟು ಕಲ್ಲಿನ ವಿಷಯ ಮಾತ್ರ ಹೇಳಿದಳು. ಪಾಠ ಮಾಡುತ್ತಿದ್ದ ಯಶ್ವಂತ್ ಸರ್ ಬೆಂಗಳೂರಿನ ಕಡೆಯವರು. ಪೂರ್ತಿ ಕೇಳಿಸಿಕೊಂಡರು.

"ಸಾಲು ಚೆನ್ನಾಗಿದೆ ರೀ. ಆದ್ರೆ ಆ ಕಲ್ಲು ಈಗ ಎಲ್ಲಿದೆ? ಲ್ಯಾಟಿನ್ ಮೂಲ ಏನು? ಅದನ್ನ ಓದಿದವರು ಯಾರು?"

ಅವಳು ಮೂರು ಪ್ರಶ್ನೆಗಳನ್ನೂ ಬರೆದುಕೊಂಡಳು. ಮರುದಿನದಿಂದ ಗಾಡಿಯಲ್ಲಿ ಕೂತು ಒಂದೊಂದೇ ತಾಣವನ್ನು ಬೆನ್ನಟ್ಟಿದಳು. ಒಂದರಲ್ಲಿದ್ದ ಸ್ಪೆಲಿಂಗಿನ ತಪ್ಪೇ ಇನ್ನೊಂದರಲ್ಲೂ ಇತ್ತು. ಒಬ್ಬರನ್ನೊಬ್ಬರು ನಕಲು ಮಾಡಿದ್ದರು. ಹಿಂದೆ ಹಿಂದೆ ಹೋದರೆ ಎಲ್ಲವೂ ಒಂದು ಹಳೆಯ ಬ್ಲಾಗಿಗೆ ಹೋಗಿ ಮುಟ್ಟಿದವು. ಅಲ್ಲಿ ಬರೆದವರ ಹೆಸರಿಲ್ಲ, ವಸ್ತುಸಂಗ್ರಹಾಲಯದ ಹೆಸರಿಲ್ಲ. ಗುಲಾಬಿ ಹೂವಿನ ಚಿತ್ರವೊಂದೇ ಇತ್ತು.

ಕೊನೆಗೆ ಒಂದು ವಿಶ್ವವಿದ್ಯಾಲಯದ ಶಾಸನಗಳ ತಾಣದಲ್ಲಿ ನಿಜವಾದ ಕಲ್ಲು ಸಿಕ್ಕಿತು; ಬ್ಲಾಗು ಹೇಳಿದ ಊರೂ ಮಗುವಿನ ವಯಸ್ಸೂ ಅದಕ್ಕೆ ತಾಳೆಯಾದವು. ನೋಡಲು ಬೋಳು ಬೋಳು ಪುಟ. ಆದರೆ ಕಲ್ಲು ಎಲ್ಲಿ ಸಿಕ್ಕಿತು, ಈಗ ಎಲ್ಲಿದೆ, ಯಾರು ಓದಿದರು, ಎಲ್ಲಿ ಅನುಮಾನವಿದೆ, ಎಲ್ಲವೂ ಇತ್ತು. ಒಡೆದುಹೋದ ಅಕ್ಷರಗಳ ಜಾಗದಲ್ಲಿ ಚೌಕ ಕಂಸ ಹಾಕಿ ಒಳಗೆ ಖಾಲಿ ಬಿಟ್ಟಿದ್ದರು. ಓದಲು ಉಳಿದದ್ದು ಇಷ್ಟೇ: ಐದು ವರ್ಷ ಬದುಕಿದಳು, ತಾಯಿ ಇದನ್ನು ಮಾಡಿಸಿದಳು. ಕತ್ತಲೆಯ ಮಾತು ಎಲ್ಲಿಯೂ ಇರಲಿಲ್ಲ.

ಇದನ್ನು ತಾಯಿಗೆ ಹೇಗೆ ಹೇಳುವುದು? ಕೆಲವು ದಿನ ಸುಳ್ಳು ಸಾಲನ್ನೇ ಓದಿದಳು. ಒಂದು ಭಾನುವಾರ ಬೆಳಿಗ್ಗೆ, ತಾಯಿ ರೊಟ್ಟಿ ಬಡಿಯುತ್ತಿದ್ದಾಗ, ತಡೆಯಲಾಗಲಿಲ್ಲ.

"ಯವ್ವಾ, ಆ ಮಾತು ಖರೇ ಅಲ್ಲ ಬೇ. ಆ ಕೂಸು ಹಂಗ ಅಂದಿಲ್ಲ."

"ಮತ್ತ ಯಾರ ಅಂದ್ರು?"

"ಯಾರೋ ಈಗಿನವ್ರು ಕಟ್ಟಿ ಹಾಕ್ಯಾರ. ಚಂದ ಅದ ಅಂತ ಉಳಿದವ್ರೂ ಹಾಕ್ಯಾರ."

ಮಹಾದೇವಕ್ಕ ಒಲೆ ಆರಿಸಿ ಬಂದು ಕೂತಳು. ಮಗಳು ಮೊಬೈಲಿನಲ್ಲಿ ಕಲ್ಲಿನ ಫೋಟೋ ತೋರಿಸಿದಳು. ತಾಯಿ ಹಿಟ್ಟಿನ ಬೆರಳಿನಿಂದ ಮುಟ್ಟಿದರೆ ಚಿತ್ರ ಸರಿದು ಹೋಯಿತು. ಮಗಳು ಅದನ್ನು ಮತ್ತೆ ತಂದು ನಿಲ್ಲಿಸಿದಳು.

"ಹೆಸರೆಲ್ಲಿ ಅದ?"

"ಮುರದು ಹೋಗೇದ. ಗೊತ್ತಿಲ್ಲ."

"ತಾಯಿದು?"

"ಅದೂ ಹೋಗೇದ. ತಾಯಿ ಅನ್ನೂದಷ್ಟ ಉಳದದ."

ಮಹಾದೇವಕ್ಕ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ನೆಲ ನೋಡುತ್ತ ಹೇಳಿದಳು: "ಹೆಸರು ಹೋಗಬಾರದು. ದೊಡ್ಡಾಕಿ ಹೆಸರು ನೀಲಗಂಗಾ."

"ನನ್ನ ಹೆಸರಾ?"

"ಅಕಿದು. ಅಕಿನ ತಿರುಗಿ ಬಂದಾಳ ಅಂತ ನಿಮ್ಮ ಮುತ್ಯಾ, ನಿಮ್ಮಪ್ಪನ ಅಪ್ಪ, ನಿನಗೂ ಅದನ್ನ ಇಟ್ಟ. ನಿನ್ನ ಹಂಗ ಕರೀಲಿಕ್ಕೆ ನನ್ನ ಬಾಯಿಂದ ಬರಲಿಲ್ಲ. ನೀ ಅಕಿ ತಂಗಿ. ತಂಗಿ ಅಂತನ ಕರದೆ."

ಊರ ಕಡೆ ಎಲ್ಲ ಹೆಣ್ಣುಮಕ್ಕಳನ್ನೂ ತಂಗಿ ಎನ್ನುತ್ತಾರೆ ಎಂದೇ ನೀಲಗಂಗಾ ತಿಳಿದಿದ್ದಳು. ಶಾಲೆಯ ಹಾಜರಿಯಲ್ಲಿ, ಕಚೇರಿಯ ಬಾಗಿಲಲ್ಲಿ, ತಾನು ಇಷ್ಟು ವರ್ಷ ಓಗೊಟ್ಟ ಹೆಸರು ತನ್ನದಾಗಿರಲಿಲ್ಲ. ಯಾರ ಬದಲಿಗೆ ಓಗೊಡುತ್ತಿದ್ದೆ ಎಂದು ಈಗ ತಿಳಿಯಿತು. ಗೋಡೆಗೆ ಒರಗಿ ಕೂತಳು.

ಬರೆಯುವ ಕೆಲಸವನ್ನು ಅದೇ ವಾರ ಮುಗಿಸಿ ಕಳಿಸಿದಳು. ಚಂದದ ಸಾಲಿಗೆ ಆಧಾರವಿಲ್ಲ, ಖಾಲಿ ಕಂಸವನ್ನು ನಂಬಬಹುದು ಎಂದು ಬರೆದಿದ್ದಳು. ಸಾಧಾರಣ ಅಂಕ ಬಂತು.

ಆಮೇಲೆ ತಾಯಿ ಕೇಳಿದ್ದಕ್ಕೆ ವಿಠ್ಠಲವಾಡಿಯಲ್ಲಿ ದೊಡ್ಡಾಕಿಯನ್ನು ಮಣ್ಣು ಮಾಡಿದ ರುದ್ರಭೂಮಿಗಾಗಿಯೂ ಹುಡುಕಿದಳು. ಒಂದು ನಕ್ಷೆ ಒಂದು ಕಡೆ ತೋರಿಸಿತು, ಇನ್ನೊಂದು ಬೇರೆ ಕಡೆ. ಎರಡನ್ನೂ ಯಾರು ಗುರುತಿಸಿದರೆಂದು ಬರೆದಿರಲಿಲ್ಲ. "ಖಾತ್ರಿ ಇಲ್ಲ ಬೇ," ಎಂದಳು. "ಆದರೂ ಹೋಗೂಣು," ಎಂದಳು ಮಹಾದೇವಕ್ಕ.

ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಹೋದರು. ಅಂಗಡಿಗಳ ಸಾಲು, ನಿಲ್ಲಿಸಿದ ಟೆಂಪೋಗಳು, ಕಾಂಪೌಂಡಿನ ಗೋಡೆ. ಮಹಾದೇವಕ್ಕ ಒಂದು ಕಡೆ ನಿಂತಳು, ತಲೆಯಲ್ಲಾಡಿಸಿ ಇನ್ನೊಂದು ಕಡೆ ಹೋಗಿ ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವಂತೆ, ಗಟ್ಟಿಯಾಗಿ ಕರೆದಳು.

"ನೀಲಗಂಗಾ!"

'ಓ' ಎಂಬುದು ಮಗಳ ಬಾಯಿತನಕ ಬಂತು. ತುಟಿ ಕಚ್ಚಿ ತಡೆದಳು. ತಾಯಿ ಅವಳ ಕಡೆ ತಿರುಗಿ ನೋಡಲಿಲ್ಲ. ಇಬ್ಬರೂ ಅಲ್ಲೇ ನಿಂತು ಕಾಯ್ದರು.