ಅಕ್ಕನ ಮನೆಗೆ ಹೋಗದ ವರ್ಷಗಳು

ನಂಜನಗೂಡಿನ ನಮ್ಮ ಮನೆಯಲ್ಲಿ ಅಕ್ಕನೇ ನನ್ನ ದುಭಾಷಿ. ನೆಂಟರು ಬಂದರೆ ಯಾವಾಗ ನಗಬೇಕು, ಯಾವಾಗ ಒಳಗೆ ಹೋಗಬೇಕು ಎಂದು ಕಣ್ಸನ್ನೆ ಮಾಡುತ್ತಿದ್ದಳು. "ನೀವು ತುಂಬಾ ದಪ್ಪ ಆಗಿದ್ದೀರಿ" ಎಂದು ನಾನು ಸೋದರತ್ತೆಗೆ ಹೇಳಿದ ದಿನ ನನ್ನ ಬಾಯಿಗೆ ಕೈ ಅಡ್ಡ ಹಿಡಿದವಳೂ ಅವಳೇ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಊಟ ಮಾತ್ರ ಗೊತ್ತಿತ್ತು. ಬೀದಿಯವರ ಬಾಯಲ್ಲಿ ನಾನು ಜಂಬದವಳು.

ಅವ್ವ ಕೆಲವು ಪಾಠ ಬಾಯಿಪಾಠ ಮಾಡಿಸಿದ್ದಳು. "ಯಾರ್ ಮನೆಯಿಂದ ಒರಟ್ರೂ ಓಯ್ತೀನಿ ಅನ್ಬಾರ್ದು ಕಣವ್ವ, ಓಗಿ ಬತ್ತೀನಿ ಅನ್ಬೇಕು." ನಾನು ಅದನ್ನು ಮಗ್ಗಿಯ ಹಾಗೆ ಕಲಿತೆ.

ಅಪ್ಪ ಅವ್ವ ತೀರಿಕೊಂಡ ಮೇಲೆ ನನಗಿದ್ದವಳು ಅಕ್ಕ ಒಬ್ಬಳೇ. ಅವಳನ್ನು ಹೆಮ್ಮಿಗೆಗೆ ಕೊಟ್ಟಿತ್ತು. ನಾನು ತಿ. ನರಸೀಪುರದ ಶಾಲೆಯೊಂದರಲ್ಲಿ ಗಣಿತದ ಟೀಚರ್. ನನ್ನನ್ನು ನೋಡಲು ಬಂದ ಗಂಡುಗಳ ಕತೆ ಇಲ್ಲಿ ಬೇಡ. ಯಾರೂ ಎರಡನೆಯ ಸಲ ಬರಲಿಲ್ಲ. ಭಾನುವಾರ ಬಂತೆಂದರೆ ಹೆಮ್ಮಿಗೆ ಬಸ್ಸು ಹತ್ತುತ್ತಿದ್ದೆ. ಅಕ್ಕ ಮುದ್ದೆ ತೊಳಸುತ್ತಾ ಮಾತಾಡುತ್ತಿದ್ದರೆ ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ನನಗೆ ಅಷ್ಟೇ ಸಾಕಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಕ್ಕನ ಮಾವ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹೊರಡುವಾಗ, ಜಗುಲಿಯ ಮೇಲೆ ಹೆಂಗಸರ ನಡುವೆ ಕೂತಿದ್ದ ಅಕ್ಕನ ಅತ್ತೆಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ಓಗಿ ಬತ್ತೀನಿ ಅತ್ತೆಮ್ಮ" ಎಂದೆ. ಅಳುತ್ತಿದ್ದವರು ಕೂಡ ಸುಮ್ಮನಾದರು.

ಸಾವಿನ ಮನೆಯಲ್ಲಿ ಹಾಗೆ ಹೇಳಬಾರದು. ಹೇಳಿದರೆ ಇನ್ನೊಂದು ಸಾವಿಗೂ ಬರುತ್ತೇನೆ ಎಂದಂತೆ. ಏನೂ ಹೇಳದೆ ಎದ್ದು ಹೋಗಬೇಕು. ಅದು ಸಣ್ಣ ಕೂಸಿಗೂ ಗೊತ್ತಂತೆ. ಆ ಕೂಸಿಗೆ ಯಾರು ಹೇಳಿಕೊಟ್ಟರು? ನನಗೇಕೆ ಹೇಳಲಿಲ್ಲ? ಇವತ್ತಿಗೂ ಸಿಟ್ಟು ಬರುತ್ತದೆ.

"ಇನ್ಯಾರ್ನ ಸಾಗಾಕಕ್ಕೆ ಬತ್ತೀಯೇ?" ಎಂದು ಅತ್ತೆ ಕೂಗಿದರು. ಆ ವರ್ಷವೇ ಅವರ ಕಿರಿಮಗನಿಗೆ ಗದ್ದೆಯಲ್ಲಿ ಹಾವು ಕಚ್ಚಿತು. ಪುಣ್ಯಕ್ಕೆ ಬದುಕಿಕೊಂಡ. ಕಚ್ಚಿದ ಹಾವನ್ನು ಬಿಟ್ಟು ಎಲ್ಲರೂ ನನ್ನ ನಾಲಿಗೆಯನ್ನು ಬೈದರು. "ಸ್ವಲ್ಪ ದಿನ ಬರ್ಬ್ಯಾಡ ಕಣೇ" ಎಂದಳು ಅಕ್ಕ. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಕೇಳಿದೆ. ಅವಳು ಅತ್ತಳು. ಆ ಸ್ವಲ್ಪ ದಿನ ವರ್ಷಗಳಾದವು. ಭಾನುವಾರ ಬಟ್ಟೆ ಒಗೆದು, ಒಣಗಿದ್ದನ್ನು ಮಡಿಸಿಟ್ಟು, ಮುಂದೇನು ಮಾಡುವುದೆಂದು ತಿಳಿಯದೆ ಕೂರುತ್ತಿದ್ದೆ. ಒಂಟಿತನಕ್ಕೆ ಅಭ್ಯಾಸವಾಗುತ್ತದೆ ಅನ್ನುವವರು ಸುಳ್ಳು ಹೇಳುತ್ತಾರೆ.

ಎರಡು ಸಾವಿರದ ಇಸವಿ ಕಳೆದು ಎಷ್ಟೋ ಕಾಲಕ್ಕೆ ಟೀಚರುಗಳಿಗೆ ಒಂದು ತರಬೇತಿ ನಡೆಯಿತು, ವಿಶೇಷ ಮಕ್ಕಳನ್ನು ಗುರುತಿಸುವುದು ಹೇಗೆ ಎಂದು. ಮುಖ ನೋಡಿ ಮಾತಾಡುವುದಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಹಿಡಿಯುತ್ತಾರೆ, ಕಲಿತ ನಿಯಮ ಬಿಡುವುದಿಲ್ಲ. ಉಳಿದ ಟೀಚರುಗಳು ತಮ್ಮ ಕ್ಲಾಸಿನ ಮಕ್ಕಳನ್ನು ನೆನೆಸಿಕೊಂಡರು. ನನಗೆ ನೆನಪಾದವಳು ನಾನೇ.

ಮೈಸೂರಿನ ಡಾಕ್ಟರೊಬ್ಬರ ಹತ್ತಿರ ಹೋದೆ. ಹಲವು ಸಲ ಕೂರಿಸಿ ಮಾತಾಡಿಸಿ, "ಇದು ಆಟಿಸಂ ಮೇಡಂ. ಹುಟ್ಟಿನಿಂದ ಇರೋದು. ಇದ್ರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದರು. ನಲವತ್ತು ದಾಟಿದ ಹೆಂಗಸು, ಅವರ ಮೇಜಿನ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತದ್ದು. ಇದನ್ನು ಹೇಳಿದರೆ ಅಕ್ಕನ ಮನೆಯವರು ನನ್ನನ್ನು ಮತ್ತೆ ಸೇರಿಸುತ್ತಾರೆ ಎಂದು ನಂಬಿದ್ದೆ.

ಅಕ್ಕ ನರಸೀಪುರದ ಸಂತೆಗೆ ಬಂದ ದಿನ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳು ನನ್ನ ಕೈ ಸವರಿದಳು. "ನೀನ್ ಬೇಕೂಂತ ಅಂದಿದ್ದಲ್ಲ. ನಂಗೊತ್ತಿತ್ತು ಕಣವ್ವ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಇದು ವಂಸದಲ್ಲಿ ಬರಾದಾ?"

"ಬರಬಹುದು ಅಂದ್ರು."

ಸೆರಗಿನಿಂದ ಮುಖ ಒರೆಸಿಕೊಂಡಳು. "ಮಗಳ್ಗೆ ತಗಡೂರಿಂದ ಗಂಡು ಬಂದದೆ. ಇದ್ನ ಯಾರ್ಗೂ ಏಳ್ಬ್ಯಾಡ. ಜಂಬದೋಳು ಅಂದ್ಕೊಂಡ್ರೆ ಅಂದ್ಕಳ್ಲಿ, ಅದೇ ವಾಸಿ."

"ಮದುವೆಗೆ ಬರಲಾ?" ಎಂದೆ.

"ಬಸ್ ಬಂತು ಕಣೇ" ಎಂದು ಅಕ್ಕ ಚೀಲ ಹಿಡಿದು ಎದ್ದಳು. ಬಸ್ಸು ಬಂದಿರಲಿಲ್ಲ. ಅದನ್ನು ಹೇಳದೆ ನಾನೂ ಎದ್ದು ನಿಂತೆ.